80 ಕಿಲೋಮೀಟರ್ ಎಸ್‌ಎಫ್‌ಪಿ, 1.9 ಕಿಲೋಮೀಟರ್ ದಾರಿ

ಫೆಬ್ರವರಿ

ಅಣ್ಣನ ಮನೆ ಟಾರು ರಸ್ತೆಯ ಪಕ್ಕ. ನಮ್ಮದು ಅಲ್ಲಿಂದ ಬೆಟ್ಟ ಇಳಿದು, ಹಳ್ಳ ದಾಟಿ, ಅಡಿಕೆ ತೋಟದ ಆಚೆ ತುದಿಯಲ್ಲಿ. ಶಿರಸಿ ಸೀಮೆಯ ಮನೆಗಳು ಇರುವುದೇ ಹೀಗೆ. ಅವನ ಮನೆಗೆ ಫೈಬರ್ ಇಂಟರ್‌ನೆಟ್ ಬಂದು ಎರಡು ವರ್ಷವಾಯಿತು. ನಮ್ಮನೆಗೂ ಎಳೆಯಿರಿ ಎಂದರೆ ಕೇಬಲ್‌ನವರು ಕೈ ಮುಗಿದರು. ಒಂದು ಮನೆಗೋಸ್ಕರ ಎರಡು ಕಿಲೋಮೀಟರ್ ಎಳೆದರೆ ಅವರಿಗೆ ಗಿಟ್ಟುವುದಿಲ್ಲ. ಅದೂ ನಿಜವೇ.

ವೈರ್‌ಲೆಸ್ ಮಾಡೋಣವೆಂದರೆ ಮಧ್ಯೆ ಬೆಟ್ಟ ಅಡ್ಡ. ತಾಮ್ರದ ವೈರಿನ ಮಾತೇ ಬೇಡ. ಲ್ಯಾನ್ ಕೇಬಲ್ 100 ಮೀಟರಿಗೇ ಸುಸ್ತಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಸಿಡಿಲು. ಹಿಂದಿನ ಮೇ ತಿಂಗಳಲ್ಲಿ ಪಂಪ್ ಮನೆಗೆ ಎಳೆದಿದ್ದ ಬರೀ 60 ಮೀಟರ್ ಲ್ಯಾನ್ ವೈರಿನಿಂದ ಒಂದು ರೂಟರ್, ಒಂದು ಕ್ಯಾಮರಾ ರೆಕಾರ್ಡರ್ ಎರಡೂ ಸುಟ್ಟುಹೋದವು. ಹಾಗಾಗಿ ನಾನೇ ಫೈಬರ್ ಎಳೆಯುವುದು ಎಂದು ತೀರ್ಮಾನಿಸಿದೆ.

ತಂದದ್ದು ಒಂದೇ ಎಳೆಯ ಚಪ್ಪಟೆ ಡ್ರಾಪ್ ಕೇಬಲ್, 1 ಕಿಲೋಮೀಟರಿನ ಎರಡು ಡ್ರಮ್. ಅಂಗಡಿಯಲ್ಲಿ ಸ್ಟೀಲ್ ತಂತಿ ಇರುವುದನ್ನೇ ಮೊದಲು ತೋರಿಸುತ್ತಾರೆ. ಗಟ್ಟಿ ಇರುತ್ತದೆ, ನಿಜ. ಆದರೆ ಸಿಡಿಲಿಗೆ ಹೆದರಿ ಫೈಬರ್ ಹಾಕುವವನು ಮತ್ತೆ ಅದರ ಜೊತೆ ಎರಡು ಕಿಲೋಮೀಟರ್ ಕಬ್ಬಿಣ ಎಳೆದರೆ ಏನು ಬಂತು? ಎಫ್‌ಆರ್‌ಪಿ ಕಡ್ಡಿ, ಅಂದರೆ ಲೋಹವಲ್ಲದ ಗಟ್ಟಿ ಪ್ಲಾಸ್ಟಿಕ್ ಕಡ್ಡಿ ಇರುವುದನ್ನೇ ಹಟ ಹಿಡಿದು ತರಿಸಿದೆ.

ಎಳೆಯಲು ಮೂರು ಭಾನುವಾರ ಹಿಡಿಯಿತು. ಬೆಟ್ಟದಲ್ಲಿ ಮತ್ತಿ, ನಂದಿ ಮರಗಳಿಗೆ ಹುಕ್ ಹೊಡೆದು ತೂಗುಹಾಕಿದೆವು. ತೋಟದಲ್ಲಿ ಅಡಿಕೆ ಮರದಿಂದ ಅಡಿಕೆ ಮರಕ್ಕೆ. ಕೊನೆಯ ಹತ್ತು ಹನ್ನೆರಡು ಮರ ಇರುವಾಗ ಕ್ಲ್ಯಾಂಪ್ ಖಾಲಿಯಾಯಿತು. ಕತ್ತಲೆ ಬೇರೆ ಆಗುತ್ತಿತ್ತು. ಜಿಐ ತಂತಿ ಸುತ್ತಿ ಬಿಗಿದು ಮನೆಗೆ ಬಂದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಜುಲೈ ತಿಂಗಳಲ್ಲಿ ಬೇಕಾಗುತ್ತದೆ.

ಜಾಯಿಂಟ್ ಹಾಕಲು ಕೇಬಲ್ ಕೆಲಸ ಮಾಡುವ ಹುಡುಗನೊಬ್ಬ ತನ್ನ ಮೆಷಿನ್ ತಂದಿದ್ದ. ಈ ಕೆಲಸವನ್ನು ಹತ್ತಿರದಿಂದ ನೋಡಿದವರು ಕಮ್ಮಿ. ಮೇಲಿನ ಕಪ್ಪು ಸಿಪ್ಪೆ ಸುಲಿದು, ಒಳಗಿನ ಬಣ್ಣದ ಲೇಪ ಕೆರೆದು, ಸ್ಪಿರಿಟ್‌ನಲ್ಲಿ ಅದ್ದಿದ ಟಿಶ್ಯೂನಿಂದ ಎಳೆಯನ್ನು ಒರೆಸಿದರೆ ಕೀಚ್ ಎಂದು ಸಣ್ಣ ಸದ್ದು ಬರುತ್ತದೆ. ಸದ್ದು ಬಂದರೆ ಚೊಕ್ಕಟವಾಗಿದೆ ಎಂದು ಅರ್ಥ. ಆಮೇಲೆ ಕ್ಲೀವರ್‌ನಲ್ಲಿಟ್ಟು ತುದಿಯನ್ನು ನೇರವಾಗಿ ಮುರಿಯಬೇಕು. ಕತ್ತರಿಸುವುದಲ್ಲ, ಮುರಿಯುವುದೇ. ಎರಡು ತುದಿಗಳನ್ನು ಮೆಷಿನ್‌ನಲ್ಲಿಟ್ಟರೆ ಅದು ತಾನೇ ಎದುರುಬದುರು ತಂದು, ಕಿಡಿ ಹಾಯಿಸಿ, ಗಾಜಿಗೆ ಗಾಜು ಕರಗಿಸಿ ಬೆಸೆಯುತ್ತದೆ. ಜಾಯಿಂಟಿನಲ್ಲಿ ಸೋರುವ ಬೆಳಕು 0.02 ಡಿಬಿ (ಡೆಸಿಬೆಲ್) ಎಂದು ಪರದೆಯ ಮೇಲೆ ಬಂತು, ಅಂದರೆ ಇಲ್ಲವೆನ್ನುವಷ್ಟು ಕಮ್ಮಿ. ದಾರಿ ಮಧ್ಯೆ ಒಂದು ಜಾಯಿಂಟ್, ಎರಡೂ ತುದಿಯ ಡಬ್ಬಿಗಳಲ್ಲಿ ಪಿಗ್‌ಟೇಲ್‌ಗೆ (ಒಂದು ತುದಿಯಲ್ಲಿ ಕನೆಕ್ಟರ್ ಇರುವ ತುಂಡು ಫೈಬರ್) ಒಂದೊಂದು. ಒಟ್ಟು ಮೂರು.

ಮಾರ್ಚ್ ಮೊದಲ ವಾರ

ಇನ್ನು ಬೆಳಕು ಕಳಿಸುವ ಸಾಮಾನು. ಎರಡೂ ಮನೆಯಲ್ಲಿ ಎಸ್‌ಎಫ್‌ಪಿ ತೂರಿಸುವ ಜಾಗವಿರುವ ಸಣ್ಣ ರೂಟರ್ ಇಟ್ಟೆ. ಎಸ್‌ಎಫ್‌ಪಿ ಎಂದರೆ ಬೆರಳುದ್ದದ ಲೋಹದ ಮಾಡ್ಯೂಲ್. ಒಳಗೆ ಒಂದು ಲೇಸರ್, ಬಂದ ಬೆಳಕನ್ನು ಹಿಡಿಯಲು ಒಂದು ಫೋಟೊಡಯೋಡ್. ನನ್ನ ಕೇಬಲ್‌ನಲ್ಲಿರುವುದು ಒಂದೇ ಎಳೆ. ಹಾಗಾಗಿ ಹೋಗುವ ಬೆಳಕು ಒಂದು ಬಣ್ಣ, ಬರುವುದು ಇನ್ನೊಂದು ಬಣ್ಣ ಇರುವ ಬೈಡೈ ಜೋಡಿ ಬೇಕು. ಬಣ್ಣ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ. 1310, 1490, 1550 ನ್ಯಾನೊಮೀಟರ್, ಎಲ್ಲವೂ ಇನ್‌ಫ್ರಾರೆಡ್.

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆ ಸುತ್ತಿದೆ. ಒಂದು ಅಂಗಡಿಯಲ್ಲಿ ಹಳೆಯ ಸಾಮಾನು ಬಿಚ್ಚಿದ ರಾಶಿಯಲ್ಲಿ 80 ಕಿಲೋಮೀಟರಿನ ಜೋಡಿ ಸಿಕ್ಕಿತು, 1490 ಮತ್ತು 1550ರದ್ದು. ಹೊಸ 20 ಕಿಲೋಮೀಟರ್ ಜೋಡಿಗಿಂತ ಅಗ್ಗ. ನನ್ನ ತಲೆ ಓಡಿದ್ದು ಹೀಗೆ: 80 ಕಿಲೋಮೀಟರ್ ಹೋಗುವ ಲೇಸರ್‌ಗೆ 2 ಕಿಲೋಮೀಟರ್ ಯಾವ ಲೆಕ್ಕ? ನೀರಿನ ಪಂಪ್ ತಗೊಳ್ಳುವಾಗ ಒಂದು ಹೆಚ್‌ಪಿ ಜಾಸ್ತಿಯದೇ ಇರಲಿ ಎನ್ನುತ್ತೇವಲ್ಲ, ಹಾಗೆ.

ತಂದು ಹಾಕಿದೆ. ಹಸಿರು ದೀಪ ಹತ್ತಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಹತ್ತು ಸೆಕೆಂಡಿಗೆ ದೀಪ ಆರಿತು. ಮತ್ತೆ ಹತ್ತಿತು. ಪಿಂಗ್ ಹಾಕಿ, ಅಂದರೆ ಆಚೆ ತುದಿಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿದರೆ, ಹತ್ತರಲ್ಲಿ ನಾಲ್ಕು ಮಾಯ. ರೂಟರಿನ ಪುಟದಲ್ಲಿ ಎಸ್‌ಎಫ್‌ಪಿ ವಿವರ ಸಿಗುತ್ತದೆ. ಎಷ್ಟು ಕಳಿಸುತ್ತಿದೆ, ಎಷ್ಟು ಬರುತ್ತಿದೆ, ಲೇಸರ್‌ಗೆ ಎಷ್ಟು ಕರೆಂಟು, ಎಷ್ಟು ಬಿಸಿ, ಎಲ್ಲ. ಬರುತ್ತಿರುವ ಪವರ್ +0.6 ಡಿಬಿಎಂ ಎಂದಿತ್ತು (ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ವಿವರ ಮುಂದೆ). ಆಹಾ, ಬೆಳಕು ಚೆನ್ನಾಗಿಯೇ ಇದೆ, ತೊಂದರೆ ಬೇರೆಲ್ಲೋ ಎಂದುಕೊಂಡೆ. ಎರಡು ದಿನ ರೂಟರ್ ಸೆಟ್ಟಿಂಗು ಕೆದಕಿದೆ. ಡಬ್ಬಿಯಿಂದ ರೂಟರಿಗೆ ಹೋಗುವ ಪ್ಯಾಚ್ ಕಾರ್ಡ್ ಎಂಬ ತುಂಡು ಫೈಬರ್ ಬದಲಿಸಿದೆ. ಕನೆಕ್ಟರ್ ತುದಿ ಒರೆಸಿ ಒರೆಸಿ ಸವೆಯಿಸಿದೆ. ತೊಂದರೆ ಕಣ್ಣೆದುರೇ ಇತ್ತು, ಆ +0.6ರಲ್ಲೇ.

ಮೂರನೇ ದಿನ ಕೇಬಲ್ ಹುಡುಗನಿಂದ ಪವರ್ ಮೀಟರ್ ಕಡ ತಂದೆ. ನಮ್ಮನೆ ತುದಿಯ ಪ್ಯಾಚ್ ಕಾರ್ಡ್ ಸಿಕ್ಕಿಸಿದರೆ +7.5 ಎಂದು ತೋರಿಸಿತು. ಈ ಮಾಡ್ಯೂಲ್ ಹುಚ್ಚಾಗಿದೆ ಎಂದು ಆ ಹುಡುಗನಿಗೆ ಫೋನ್ ಮಾಡಿದೆ.

"ಅಣ್ಣಾ, ಮೀಟರ್‌ನಲ್ಲಿ ವೇವ್‌ಲೆಂತ್ ಎಷ್ಟಿದೆ ನೋಡಿ."

ನೋಡಿದರೆ 850. ಮೀಟರ್ ಒಳಗಿನ ಡಯೋಡ್ 850ರ ಬೆಳಕಿಗೆ ಮಂದ, 1550ಕ್ಕೆ ಚುರುಕು. ಬಂದ ಬೆಳಕು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. 850 ಎಂದು ಹೇಳಿದ್ದಕ್ಕೆ, ಮಂದ ಡಯೋಡಿನಿಂದಲೇ ಇಷ್ಟು ಕರೆಂಟು ಬರಬೇಕಾದರೆ ಬೆಳಕು ಬಹಳ ಇರಬೇಕು ಎಂದು ಗುಣಿಸಿ ತೋರಿಸಿದೆ. ಗುಂಡಿ ಒತ್ತಿ 1550ಕ್ಕೆ ತಂದ ತಕ್ಷಣ +0.4ಕ್ಕೆ ಇಳಿಯಿತು. ಏಳು ಡಿಬಿ ಸುಳ್ಳು, ಒಂದು ಗುಂಡಿಯಲ್ಲಿ.

"ಜೀರೊ ಪಾಯಿಂಟ್ ಫೋರ್ ಬಂತು. ಒಳ್ಳೇದೇ ಅಲ್ವಾ?"

"ಒಳ್ಳೇದಾ? ಅದು ಮೈನಸ್ ಮೂರರ ಮೇಲೆ ತಡ್ಕೊಳ್ಳಲ್ಲ ಅಣ್ಣಾ. ಕಣ್ಣಿಗೆ ಟಾರ್ಚ್ ಬಿಟ್ಟ ಹಾಗಾಗಿದೆ."

ಆಗ ಹೋಗಿ ಡೇಟಾ ಶೀಟ್ ತೆರೆದೆ. ಮೊದಲೇ ನೋಡಬೇಕಿತ್ತು. ಕಳಿಸುವ ಪವರ್ -2ರಿಂದ +3 ಡಿಬಿಎಂ. ಹಿಡಿಯುವ ಕಡೆ ಕನಿಷ್ಠ -23, ಗರಿಷ್ಠ -3. ಎಲ್ಲರೂ ಓದುವುದು ಆ -23ನ್ನು ಮಾತ್ರ. ಆಚೆ ತುದಿಯ -3 ಇದೆಯಲ್ಲ, ಅದನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ಡಿಬಿಎಂ ಗೊತ್ತಿಲ್ಲದವರಿಗೆ ಎರಡು ಮಾತು. ಅಣ್ಣನೂ ಇದನ್ನೇ ಕೇಳಿದ್ದ, ಮೈನಸ್ ಎಂದರೆ ಬೆಳಕೇ ಇಲ್ಲ ಎಂದಲ್ಲವಾ ಅಂತ. ಅಲ್ಲ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಲ್ಲಿಂದ 3 ಇಳಿದರೆ ಅರ್ಧ, 10 ಇಳಿದರೆ ಹತ್ತರಲ್ಲೊಂದು. +3 ಎಂದರೆ ಸುಮಾರು 2 ಮಿಲಿವ್ಯಾಟ್. -20 ಎಂದರೆ 10 ಮೈಕ್ರೊವ್ಯಾಟ್. ಆ -23 ಎಂದರೆ ಬರೀ 5 ಮೈಕ್ರೊವ್ಯಾಟ್. ಅಷ್ಟರಲ್ಲೇ ಸೆಕೆಂಡಿಗೆ ನೂರು ಕೋಟಿ ಬಿಟ್ ಓದುತ್ತದೆ ಅದು. ಕೂಡಿಸಿ ಕಳೆದರೆ ಲೆಕ್ಕ ಮುಗಿಯುತ್ತದೆ ಎಂಬುದೇ ಡಿಬಿಯ ಸುಖ. ಕಳಿಸಿದ್ದರಲ್ಲಿ ದಾರಿಯ ಲಾಸ್ ಕಳೆ, ಉಳಿದದ್ದು ಆಚೆ ಮುಟ್ಟುತ್ತದೆ.

ನನ್ನ ದಾರಿಯ ಲಾಸ್ ಎಷ್ಟು? 1550ಕ್ಕೆ ಕಿಲೋಮೀಟರಿಗೆ ಸುಮಾರು 0.22. 1.9 ಕಿಲೋಮೀಟರಿಗೆ 0.4. ಮೂರು ಜಾಯಿಂಟಿಗೆ 0.15. ಕನೆಕ್ಟರ್ ಎರಡಕ್ಕೆ 0.6. ಒಟ್ಟು 1.2 ಆಗಬೇಕು. ಅಣ್ಣನ ಮನೆಯಲ್ಲಿ ಮಾಡ್ಯೂಲಿನ ಬಾಯಿಗೇ ಸಣ್ಣ ಪ್ಯಾಚ್ ಕಾರ್ಡ್ ಹಾಕಿ ಅಳೆದರೆ +1.9. ನಮ್ಮನೆಯಲ್ಲಿ +0.4. ಅಂದರೆ ನಿಜವಾದ ಲಾಸ್ 1.5. ಮಾಡಿದ ಕೆಲಸ ಕೆಟ್ಟದ್ದೇನಲ್ಲ. ಕೆಲಸ ಚೆನ್ನಾಗಾದದ್ದೇ ತೊಂದರೆಯಾಯಿತು! ಜಾಯಿಂಟ್ ಹಾಳಾಗಿ ಬೆಳಕು ಸೋರಿದ್ದರೆ ಅವತ್ತೇ ಲಿಂಕ್ ಸರಿಯಾಗಿ ನಡೆಯುತ್ತಿತ್ತೇನೋ.

ಇಲ್ಲಿ ಒಂದು ಎಚ್ಚರಿಕೆ. ಪವರ್ ಇದೆಯಾ ಎಂದು ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ತಂದು ಇಣುಕುವ ಚಪಲ ಎಲ್ಲರಿಗೂ ಬರುತ್ತದೆ. ಬೇಡ. ಏನೂ ಕಾಣುವುದಿಲ್ಲ, ಕಾಣದ ಬೆಳಕು ಕಣ್ಣಿನೊಳಗೆ ಹೋಗುತ್ತದೆ. ಮೊಬೈಲ್ ಕ್ಯಾಮರಾದಲ್ಲಿ ಟಿವಿ ರಿಮೋಟಿನ ಬೆಳಕು ಕಾಣುತ್ತದಲ್ಲ, ಹಾಗೆ ಇದೂ ಕಂಡೀತು ಎಂದು ನಾನು ಪ್ರಯತ್ನಿಸಿದೆ. ರಿಮೋಟ್ 940 ನ್ಯಾನೊಮೀಟರ್ ಆಸುಪಾಸಿನದು. ಕ್ಯಾಮರಾದ ಸಿಲಿಕಾನ್ ಸುಮಾರು 1100ರ ತನಕ ಮಾತ್ರ ನೋಡುತ್ತದೆ. 1310, 1550 ಅದಕ್ಕೂ ಕತ್ತಲೆಯೇ.

ಮಾರ್ಚ್ ಎರಡನೇ ವಾರ

ಬೆಳಕು ಕಮ್ಮಿ ಮಾಡಬೇಕು. ಅದಕ್ಕೆಂದೇ ಅಟೆನ್ಯುಯೇಟರ್ ಎಂಬ ಬೆರಳ ತುದಿಯಷ್ಟಿನ ಸಾಮಾನು ಸಿಗುತ್ತದೆ, ಆದರೆ ನಮ್ಮೂರಿನಲ್ಲಿ ಸಿಗುವುದಿಲ್ಲ. ತರಿಸಲು ಹೇಳಿ, ಅಲ್ಲಿಯ ತನಕ ಎಂದು ಹಳೆಯ ಉಪಾಯ ಮಾಡಿದೆ. ಫೈಬರನ್ನು ಜಾಸ್ತಿ ಬಗ್ಗಿಸಿದರೆ ತಿರುವಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ಪೆನ್ಸಿಲ್ಲಿಗೆ ಸುತ್ತಿದೆ, ಒಂದೇ ಸುತ್ತಿಗೆ ಲಿಂಕ್ ಸತ್ತೇ ಹೋಯಿತು. ತೀರಾ ಬಿಗಿ. ಆಮೇಲೆ ದಪ್ಪ ಮಾರ್ಕರ್ ಪೆನ್ನಿಗೆ ಸುತ್ತುತ್ತಾ ಹೋದೆ. ಮೂರನೇ ಸುತ್ತಿಗೆ ಮೀಟರ್ -6.8 ತೋರಿಸಿತು. ಟೇಪ್ ಸುತ್ತಿ ರೂಟರ್ ಪಕ್ಕದಲ್ಲಿಟ್ಟೆ. ಪಿಂಗ್ ಸಾವಿರಕ್ಕೆ ಸಾವಿರ. ಅವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ಸೇರಿ ಯಕ್ಷಗಾನದ ವಿಡಿಯೋ ನೋಡಿದೆವು.

ಒಂದು ವಿಷಯ ಗಮನಿಸಿ. ಅದೇ ಮೂರು ಸುತ್ತು, ಅದೇ ಮಾರ್ಕರ್. ನಮ್ಮ ಕಡೆ ಬರುವ 1550 ಬೆಳಕು 7.2 ಡಿಬಿ ಇಳಿದಿತ್ತು. ಅಣ್ಣನ ಮನೆಯಲ್ಲಿ ಅಳೆದರೆ ಅಲ್ಲಿಗೆ ಹೋಗುವ 1490 ಬೆಳಕು -0.4ರಿಂದ -4.6ಕ್ಕೆ ಇಳಿದಿತ್ತು, ಬರೀ 4.2. ತರಂಗ ಉದ್ದವಾದಷ್ಟೂ ತಿರುವಿನಲ್ಲಿ ಸೋರುವುದು ಜಾಸ್ತಿ. ಆಗ ಇದು ಸುಮ್ನೆ ಕುತೂಹಲದ ಸಂಗತಿ ಅನ್ನಿಸಿತ್ತು.

ನಾಲ್ಕು ದಿನ ಆದಮೇಲೆ ಸಂಜೆ ಮನೆಗೆ ಬಂದರೆ ಮತ್ತೆ ದೀಪ ಹತ್ತಿ ಆರುತ್ತಿದೆ. ಮಗಳಿಗೆ ಸ್ಕೂಲಿನ ಚಾರ್ಟ್ ಬರೆಯಲು ಮಾರ್ಕರ್ ಬೇಕಿತ್ತಂತೆ. ಟೇಪ್ ನೀಟಾಗಿ ಬಿಚ್ಚಿ, ವೈರನ್ನು ಸುರುಳಿ ಮಾಡಿ ಇಟ್ಟಿದ್ದಳು. ಬೈಯಲು ಏನೂ ಉಳಿದಿರಲಿಲ್ಲ.

ಅಟೆನ್ಯುಯೇಟರ್ ಬಂತು, 10 ಡಿಬಿಯದು. ನಮ್ಮ ತುದಿಯಲ್ಲಿ ಒಂದು ಹಾಕಿದೆ. ಒಂದೇ ಎಳೆಯಾದ್ದರಿಂದ ಹೋಗುವ ಬೆಳಕೂ ಬರುವ ಬೆಳಕೂ ಅದರೊಳಗೇ ಹಾಯಬೇಕು. ಎರಡು ಬೇಕಾಗಲಿಲ್ಲ. ನಮ್ಮಲ್ಲಿ -9.7, ಅಣ್ಣನಲ್ಲಿ -10.6. ಚೆನ್ನಾಯಿತು.

ಅಣ್ಣನಿಗೆ ವಿವರಿಸಿದೆ. ಕವಳ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದ.

"ಅಂದ್ರೆ ದುಡ್ಡು ಕೊಟ್ಟು ಲೈಟ್ ಜಾಸ್ತಿ ಇರೋದು ತಂದೆ. ಮತ್ತೆ ದುಡ್ಡು ಕೊಟ್ಟು ಅದನ್ನ ಕಮ್ಮಿ ಮಾಡಿದೆ. ಹೌದಾ ಇಲ್ವಾ?"

ಹೌದು ಎನ್ನದೆ ವಿಧಿಯಿರಲಿಲ್ಲ.

ಏಪ್ರಿಲ್

ನಮ್ಮ ರೂಟರ್ ಇರುವುದು ಅಟ್ಟದಲ್ಲಿ, ಹಂಚಿನ ಕೆಳಗೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಹಪ್ಪಳ ಒಣಗಿಸಬಹುದು. ಒಂದು ದಿನ ಸುಮ್ನೆ ಎಸ್‌ಎಫ್‌ಪಿ ಪುಟ ತೆರೆದರೆ ಬಿಸಿ 61 ಡಿಗ್ರಿ. ಇಂಥ ಮಾಮೂಲಿ ಮಾಡ್ಯೂಲುಗಳಿಗೆ 70ರ ತನಕ ಅವಕಾಶ. ಬೆಳಿಗ್ಗೆ 6 ಗಂಟೆಗೆ ನೋಡಿದಾಗ 33 ಇತ್ತು.

ಪವರ್ ಎಷ್ಟು ಇಳಿದಿರಬಹುದು ಎಂದು ನೋಡಿದೆ. ಇಳಿದೇ ಇಲ್ಲ. ಬೆಳಿಗ್ಗೆಯೂ +1.2, ಮಧ್ಯಾಹ್ನವೂ +1.2. ಬದಲಾದದ್ದು ಬೇರೆ ಸಾಲು. ಲೇಸರ್‌ಗೆ ಹೋಗುವ ಕರೆಂಟು ಬೆಳಿಗ್ಗೆ 14 ಮಿಲಿಆಂಪ್ ಇದ್ದದ್ದು ಮಧ್ಯಾಹ್ನ 23 ಆಗಿತ್ತು. ಬಿಸಿಯಾದ ಲೇಸರ್ ಸೋಮಾರಿಯಾಗುತ್ತದೆ, ಅಷ್ಟೇ ಬೆಳಕಿಗೆ ಜಾಸ್ತಿ ಕರೆಂಟು ಕೇಳುತ್ತದೆ. ಲೇಸರಿನ ಬೆನ್ನ ಹಿಂದೆ ಒಂದು ಪುಟಾಣಿ ಫೋಟೊಡಯೋಡ್ ಕೂತು ಬೆಳಕನ್ನು ನೋಡುತ್ತಿರುತ್ತದೆ. ಕಮ್ಮಿಯಾಯಿತೆಂದರೆ ಕರೆಂಟು ಏರಿಸುತ್ತದೆ. ಹಾಗಾಗಿ ಹೊರಗಿನವರಿಗೆ ಪವರ್ ಸ್ಥಿರವಾಗಿಯೇ ಕಾಣುತ್ತದೆ. ವಯಸ್ಸಾದ ಲೇಸರಿನ ಕಥೆಯೂ ಇದೇ. ಸಾಯುವ ಹಿಂದಿನ ತನಕ ಬೆಳಕು ಸರಿಯಾಗಿಯೇ ಇರುತ್ತದೆ, ಕರೆಂಟು ಮಾತ್ರ ಏರುತ್ತಲೇ ಹೋಗುತ್ತದೆ. ಅದಕ್ಕೇ ನಾನು ಈಗ ಪವರ್ ಸಾಲಿಗಿಂತ ಕರೆಂಟ್ ಸಾಲನ್ನು ಜಾಸ್ತಿ ನೋಡುತ್ತೇನೆ. ಇನ್ನೊಂದು, ಮಾಡ್ಯೂಲ್ ತಾನೇ ಹೇಳುವ ಪವರ್‌ನಲ್ಲಿ 3 ಡಿಬಿ ಆಚೆ ಈಚೆ ಇರಲು ನಿಯಮವೇ ಅವಕಾಶ ಕೊಟ್ಟಿದೆ. ಏರಿಳಿತ ನೋಡಲು ಅದು ಸಾಕು, ಖಚಿತ ಲೆಕ್ಕಕ್ಕೆ ಮೀಟರೇ ಬೇಕು.

ರೂಟರನ್ನು ಕೆಳಗೆ ಜಗುಲಿಗೆ ಇಳಿಸಿದೆ. ಬಿಸಿ 45 ದಾಟಲಿಲ್ಲ. ಆದರೂ ಮನಸ್ಸು ಕೊರೆಯುತ್ತಿತ್ತು. ಹಳೆಯ ರಾಶಿಯಲ್ಲಿ ಸಿಕ್ಕ ಲೇಸರ್, ಎಷ್ಟು ವರ್ಷ ದುಡಿದಿದೆಯೋ. ಮೇಲಿಂದ ಅಣ್ಣನ ಮಾತು.

ಮೇ

ಹೊಸ 20 ಕಿಲೋಮೀಟರ್ ಜೋಡಿ ತರಿಸಿದೆ, 1310 ಮತ್ತು 1550ರದ್ದು. ಕಳಿಸುವುದು -9ರಿಂದ -3. ಹಿಡಿಯುವುದು ಕನಿಷ್ಠ -22, ಗರಿಷ್ಠ -3. ಆ ಎರಡು -3ಗಳನ್ನು ನೋಡಿ. ಅತಿ ಜೋರಾಗಿ ಬೆಳಗುವ ಮಾಡ್ಯೂಲ್ ಸಿಕ್ಕರೂ, ಮಧ್ಯೆ ದಾರಿಯೇ ಇಲ್ಲದೆ ಒಂದು ಗೇಣಿನ ವೈರ್ ಹಾಕಿದರೂ ಆಚೆಯವನು ಕುರುಡಾಗುವುದಿಲ್ಲ. ಹತ್ತಿರದ ದಾರಿಗೆಂದು ಮಾಡಿದವು ಹೀಗೇ ಇರುತ್ತವೆ. 10 ಗಿಗಾಬಿಟ್‌ನ 10 ಕಿಲೋಮೀಟರ್ ಬಗೆಯಲ್ಲೂ ಕಳಿಸುವ ಗರಿಷ್ಠ +0.5, ಹಿಡಿಯುವ ಗರಿಷ್ಠವೂ +0.5. ಆದರೆ ಅದರದೇ 80 ಕಿಲೋಮೀಟರ್ ಬಗೆಯಲ್ಲಿ ಕಳಿಸುವುದು 0ರಿಂದ +4, ತಡೆದುಕೊಳ್ಳುವುದು -7 ಮಾತ್ರ. ಅದು ದೂರದ ಊರಿಗೆ ಕೂಗಿ ಅಭ್ಯಾಸವಾದದ್ದು. ಪಕ್ಕದ ಕೋಣೆಯಿಂದ ಕೂಗಿದರೆ ಕಿವಿ ಹರಿಯುತ್ತದೆ.

ಅಣ್ಣನ ಕಡೆಯ 1550 ಮಾಡ್ಯೂಲ್ ಅಳೆದೆ, -5.4. ನಮ್ಮ 1310ರದ್ದು -6.1. ಅಟೆನ್ಯುಯೇಟರ್ ತೆಗೆದು ಹಾಕಿದಾಗ ನಮ್ಮಲ್ಲಿ -6.9, ಅವನಲ್ಲಿ -8.0. ಕೆಳಗೆ ಇನ್ನೂ 14-15 ಡಿಬಿ ಉಳಿಯಿತು.

ಅಣ್ಣನ ಮನೆಯಲ್ಲಿ ಕೂತಾಗಲೇ ಅವನ ಇಂಟರ್‌ನೆಟ್ ಡಬ್ಬಿಯ ಪುಟವನ್ನೂ ತೆರೆದೆ. ಅದು ಜಿಪಾನ್. ಬರುತ್ತಿರುವುದು -20.8, ಕಳಿಸುತ್ತಿರುವುದು +2.3. ಅಣ್ಣ ಇಣುಕಿದ.

"ಅವರ ಡಬ್ಬಿ ಮಾತ್ರ ಪ್ಲಸ್ ಎರಡು ಕಳಿಸಬಹುದು. ನಮ್ಮದು ಮೈನಸ್ ಆರು ಸಾಕಾ?"

ಒಳ್ಳೆಯ ಪ್ರಶ್ನೆ. ನಮ್ಮದು ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಗೆರೆ. ಜಿಪಾನ್‌ನಲ್ಲಿ ಕೇಬಲ್ ಆಫೀಸಿನ ಒಂದು ಲೇಸರ್ ಬೆಳಕನ್ನು ಸ್ಪ್ಲಿಟರ್‌ನಲ್ಲಿ 32 ಮನೆಗೆ ಹಂಚುತ್ತಾರೆ. ಅರ್ಧ, ಅರ್ಧದ ಅರ್ಧ ಎಂದು ಐದು ಸಲ ಒಡೆದರೆ 15 ಡಿಬಿ ಹೋಯಿತು. ಸ್ಪ್ಲಿಟರಿನ ಸ್ವಂತ ತಿನ್ನುವಿಕೆ ಸೇರಿ ಸುಮಾರು 17. ಬೇಸರದ ವಿಷಯವೆಂದರೆ ಮನೆಯಿಂದ ವಾಪಸ್ ಹೋಗುವ ಬೆಳಕಿಗೂ ಅದೇ ಸುಂಕ. ಅದಕ್ಕೇ ಬಿ ಪ್ಲಸ್ ಎಂಬ ವರ್ಗದಲ್ಲಿ ಆಫೀಸಿನದು +1.5ರಿಂದ +5, ಮನೆಯದು +0.5ರಿಂದ +5 ಕಳಿಸಲೇಬೇಕು ಎಂದಿಟ್ಟಿದ್ದಾರೆ. ಮನೆಯ ಡಬ್ಬಿ -27ರ ತನಕ ಕೇಳಿಸಿಕೊಳ್ಳುತ್ತದೆ, -8ಕ್ಕಿಂತ ಜೋರು ಬಂದರೆ ತಡೆಯುವುದಿಲ್ಲ. ಟೇಬಲ್ ಮೇಲೆ ಸ್ಪ್ಲಿಟರ್ ಇಲ್ಲದೆ ಎರಡನ್ನೂ ನೇರ ಜೋಡಿಸಿ ಪರೀಕ್ಷೆ ಮಾಡಲು ಹೋದವರಿಗೆ ನನ್ನದೇ ಗತಿ. ಇನ್ನೊಂದು ಗಮ್ಮತ್ತು: ಆ +2.3ನ್ನು ನಮ್ಮ ಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ವೈರ್ ಕಳಚಿ ಮೀಟರಿಗೆ ಹಾಕಿದರೆ ಡಬ್ಬಿ ಮೌನ. ಆಫೀಸಿನ ಬೆಳಕು ಬಂದು "ನಿನ್ನ ಸರದಿ" ಎನ್ನದೆ ಅದು ಬಾಯಿ ಬಿಡುವುದಿಲ್ಲ. ಬಿಟ್ಟರೂ ಚೂರು ಚೂರಾಗಿ. ಅದಕ್ಕೆ ಮಧ್ಯೆ ಕೂರಿಸುವ ಪಾನ್ ಮೀಟರ್ ಬೇರೆ ಇದೆ.

ಕೇಬಲ್ ಹುಡುಗ ಇದೆಲ್ಲ ಏನೂ ಅಲ್ಲ ಎನ್ನುತ್ತಾನೆ. ಟಿವಿ ಚಾನೆಲ್ಲುಗಳನ್ನು 1550ರಲ್ಲಿ ಕಳಿಸುವವರು ಇಡಿಎಫ್‌ಎ ಎಂಬ ಬೆಳಕಿನ ಆಂಪ್ಲಿಫಯರ್ ಇಟ್ಟಿರುತ್ತಾರೆ. ಒಂದೊಂದು ಬಾಯಿಂದಲೂ +20 ಡಿಬಿಎಂ ಬರುವುದು ಸಾಮಾನ್ಯ. ಅಂದರೆ 100 ಮಿಲಿವ್ಯಾಟ್, ನನ್ನ ಈಗಿನ ಮಾಡ್ಯೂಲಿನ ಮುನ್ನೂರು ಪಟ್ಟಿಗೂ ಜಾಸ್ತಿ. ಅಷ್ಟು ಬೆಳಕು ಕೂದಲಿಗಿಂತ ಸಣ್ಣ, 9 ಮೈಕ್ರಾನ್ ದಾರಿಯಲ್ಲಿ. ಧೂಳಿರುವ ಕನೆಕ್ಟರನ್ನು ಪವರ್ ಇರುವಾಗಲೇ ಸಿಕ್ಕಿಸಿದರೆ ಧೂಳು ಅಲ್ಲೇ ಸುಟ್ಟು ಗಾಜಿಗೆ ಅಂಟುತ್ತದೆ. ಅಂಥ ಒಂದು ಸುಟ್ಟ ಪಿಗ್‌ಟೇಲನ್ನು ಅವನು ಪರ್ಸಿನಲ್ಲಿಟ್ಟುಕೊಂಡಿದ್ದಾನೆ. ಹೊಸ ಹುಡುಗರಿಗೆ ತೋರಿಸಲಂತೆ. ಇಣುಕಬೇಡ ಎಂದು ನಾನು ಮೇಲೆ ಬರೆದದ್ದು ಅದನ್ನು ನೋಡಿದ ಮೇಲೆ.

ಜುಲೈ

ಮಳೆ ಹಿಡಿದು ಹದಿನೈದು ದಿನ. ಒಂದು ರಾತ್ರಿ ಗಾಳಿಗೆ ಇಂಟರ್‌ನೆಟ್ ಹೋಯಿತು. ಬೆಳಿಗ್ಗೆ ಬಂತು. ಮತ್ತೆ ಹೋಯಿತು. ಗಾಳಿ ಬಂದಾಗ ಹೋಗುತ್ತದೆ, ನಿಂತಾಗ ಬರುತ್ತದೆ.

ಪುಟ ತೆರೆದೆ. ನಮ್ಮಲ್ಲಿ ಬರುತ್ತಿರುವುದು -21.5. ಒಮ್ಮೆ -19, ಒಮ್ಮೆ -23. ಇದ್ದದ್ದು -6.9. ಹದಿನೈದು ಡಿಬಿ ಎಲ್ಲೋ ಸೋರಿದೆ. ಜಾಯಿಂಟ್ ಡಬ್ಬಿಗೆ ನೀರು ಹೋಯಿತು ಎಂದೇ ಮೊದಲು ಅನುಮಾನ. ಬೆಟ್ಟದ ಅರ್ಧ ಹತ್ತಬೇಕು, ಉಂಬಳಗಳ ಮಧ್ಯೆ. ಹತ್ತುವ ಮೊದಲು ಅಣ್ಣನಿಗೆ ಫೋನ್ ಮಾಡಿ, ಅವನ ರೂಟರಿನಲ್ಲಿ ಎಷ್ಟು ಬರುತ್ತಿದೆ ನೋಡು ಎಂದೆ.

"ಮೈನಸ್ ಹತ್ತು ಪಾಯಿಂಟ್ ಎರಡು."

ಅಲ್ಲಿ ಇದ್ದದ್ದು -8.0. ಅಂದರೆ ಅವನ ಕಡೆಗೆ ಹೋಗುವ 1310 ಕಳೆದುಕೊಂಡದ್ದು ಬರೀ 2.2. ನಮ್ಮ ಕಡೆಗೆ ಬರುವ 1550 ಕಳೆದುಕೊಂಡದ್ದು ಹದಿನೈದು. ಕನೆಕ್ಟರ್ ಕೊಳಕಾಗಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಇಳಿಯಬೇಕಿತ್ತು. ಲೇಸರ್ ಕೆಟ್ಟಿದೆಯಾ ಎಂದರೆ ಅಣ್ಣನ ಕಡೆಯ ಮಾಡ್ಯೂಲ್ -5.4 ಕಳಿಸುತ್ತಲೇ ಇದೆ, ಕರೆಂಟೂ ಏರಿಲ್ಲ. ಆಗ ನೆನಪಾಯಿತು ಮಾರ್ಕರ್ ಪೆನ್ನು. ಉದ್ದ ತರಂಗಕ್ಕೆ ಜಾಸ್ತಿ ಪೆಟ್ಟು. ಎಲ್ಲೋ ಕೇಬಲ್ ಬಗ್ಗಿದೆ. ಮುರಿದಿಲ್ಲ, ಬಗ್ಗಿದೆ.

ಎಲ್ಲಿ? ಬಿಗಿದು ಕಟ್ಟಿದ್ದು ಎಲ್ಲಿ ಎಂದು ಯೋಚಿಸಿದರೆ ಉತ್ತರ ಗೊತ್ತೇ ಇತ್ತಲ್ಲ. ಜಿಐ ತಂತಿ.

ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಗಳನ್ನು ಜಗುಲಿಯಲ್ಲಿ ರೂಟರ್ ಪುಟದ ಮುಂದೆ ಕೂರಿಸಿದೆ. ಕೈಯಲ್ಲಿ ಸ್ಟೀಲ್ ತಟ್ಟೆ, ಸೌಟು. "ನಂಬರ್ ಹದಿನೈದಕ್ಕಿಂತ ಕಮ್ಮಿ ಆದ ಕೂಡಲೆ ಬಡಿ. ಅಲ್ಲಿ ತನಕ ಸುಮ್ನಿರು." ಕಂಬಳಿಕೊಪ್ಪೆ ಹಾಕಿ ತೋಟಕ್ಕಿಳಿದೆ. ಮರ ಮರದ ಹತ್ತಿರ ನಿಂತು, ದೋಟಿಯಲ್ಲಿ ಕೇಬಲನ್ನು ಸ್ವಲ್ಪ ಎತ್ತಿ ಹಿಡಿಯುವುದು, ಹತ್ತು ಎಣಿಸುವುದು, ಮುಂದಿನ ಮರಕ್ಕೆ ಹೋಗುವುದು. ಮಳೆ ಹೊಯ್ಯುವ ಸದ್ದು ಬಿಟ್ಟರೆ ಏನೂ ಇಲ್ಲ. ಒಂದನೇ ಮರ, ಎರಡನೇ ಮರ. ನಾಲ್ಕನೆಯ ಮರದ ಹತ್ತಿರ ಹೋದರೆ ಎತ್ತುವುದೇ ಬೇಡವಾಯಿತು, ಕಣ್ಣಿಗೇ ಕಂಡಿತು. ಒಣಗಿದ ಅಡಿಕೆ ಸೋಗೆ ಹಾಳೆ ಸಮೇತ ಬಿದ್ದು ಕೇಬಲ್ ಮೇಲೆ ಜೋತಾಡುತ್ತಿದೆ. ನೀರು ಕುಡಿದ ಹಾಳೆ, ಒಳ್ಳೆ ಭಾರ. ಆ ಭಾರಕ್ಕೆ ಕೇಬಲ್ ಕೆಳಕ್ಕೆ ಜಗ್ಗಿ, ತಂತಿ ಬಿಗಿದ ಜಾಗದಲ್ಲಿ ಮೊಣಕೈ ಹಾಗೆ ಮಡಚಿಕೊಂಡಿದೆ. ಗಾಳಿ ಬಂದಾಗಲೆಲ್ಲ ಸೋಗೆ ತೂಗಿ ಮಡಿಕೆ ಇನ್ನಷ್ಟು ಬಿಗಿಯುತ್ತಿದೆ.

ದೋಟಿಯಿಂದ ಸೋಗೆ ಎತ್ತಿ ಎಸೆದೆ. ಉಸಿರು ಬಿಡುವಷ್ಟರಲ್ಲಿ ತಟ್ಟೆ ಢಣ ಢಣ ಢಣ. ನಿಲ್ಲಿಸು ಎಂದು ಕೂಗಿದರೂ ನಿಲ್ಲಿಸಲಿಲ್ಲ.

ಏಣಿ ತಂದು ತಂತಿ ಬಿಚ್ಚಿದೆ. ಕೇಬಲಿನ ಸಿಪ್ಪೆಯ ಮೇಲೆ ಬಿಳಿ ಗೆರೆ ಬಿದ್ದಿತ್ತು. ಅವತ್ತೇ ಪೇಟೆಗೆ ಹೋಗಿ ಕ್ಲ್ಯಾಂಪ್ ತಂದು, ಹನ್ನೆರಡೂ ಮರಗಳಲ್ಲಿ ತಂತಿ ತೆಗೆದು ಸಡಿಲವಾಗಿ ತೂಗುಹಾಕಿದೆ. ನಮ್ಮಲ್ಲಿ ಬಂದದ್ದು -7.4. ಮೊದಲಿಗಿಂತ ಅರ್ಧ ಡಿಬಿ ಕಮ್ಮಿ. ಕೇಬಲ್ ಹುಡುಗ ಆ ತುಂಡು ಕತ್ತರಿಸಿ ಹೊಸ ಜಾಯಿಂಟ್ ಹಾಕೋಣ ಎಂದ. ಬೇಡ ಎಂದೆ. -22ರ ತನಕ ದಾರಿ ಇರುವಾಗ ಅರ್ಧ ಡಿಬಿಗೆ ಮಳೆಯಲ್ಲಿ ಫೈಬರ್ ಕತ್ತರಿಸುವುದು ಬುದ್ಧಿವಂತಿಕೆಯಲ್ಲ. ಮಳೆಗಾಲ ಮುಗಿದ ಮೇಲೆ ಇನ್ನೂ ಇಳಿದಿದ್ದರೆ ನೋಡೋಣ.

ನವೆಂಬರ್

ಇಳಿದಿಲ್ಲ. -7.3.

ಎರಡೂ ಮನೆಯ ಡಬ್ಬಿ ಮುಚ್ಚಳದ ಒಳಗೆ ಅಂಕಿಗಳನ್ನು ಬರೆದಿಟ್ಟಿದ್ದೇನೆ: ಕಳಿಸುವುದು, ಬರುವುದು, ಕರೆಂಟು, ತಾರೀಕು. ಅದೇ ಮಾರ್ಕರಿನಲ್ಲಿ. 80 ಕಿಲೋಮೀಟರ್ ಜೋಡಿ ಒಂದು ಹಳೆಯ ಹಲ್ಲುಪುಡಿ ಡಬ್ಬಿಯಲ್ಲಿದೆ, ಅಟೆನ್ಯುಯೇಟರ್ ಜೊತೆಗೆ. ಹೋದ ವಾರ ಅಣ್ಣನ ಗೆಳೆಯರೊಬ್ಬರು ತಮ್ಮ ತೋಟದ ಮನೆಗೂ ಹೀಗೇ ಎಳೆಯಬೇಕು, ಅದು ಖಾಲಿ ಇದ್ದರೆ ಕೊಡು ಎಂದು ಕೇಳಿದರು. ಎಷ್ಟು ದೂರ ಎಂದೆ. 700 ಮೀಟರ್ ಎಂದರು.

ಕೊಟ್ಟಿಲ್ಲ.